ಉಡುಪಿನ ರೇಖಾಚಿತ್ರ: ಪ್ಯಾರಿಸ್, ಪುಣೆ ಮತ್ತು ಭಾನು ಅಥೈಯಾ

ಉಡುಪಿನ ರೇಖಾಚಿತ್ರವು ಚಿತ್ರಕಲೆಯ ಚರಿತ್ರೆಯಲ್ಲಾಗಲಿ ವಸ್ತ್ರಗಳ ಚರಿತ್ರೆಯಲ್ಲಾಗಲಿ ಸ್ಪಷ್ಟವಾದ ಸ್ಥಾನವನ್ನು ಪಡೆಯದೆ ಉಳಿದಿರುವ ಒಂದು ಪ್ರಕಾರ. ಚಿತ್ರಕಾರರು ಅದನ್ನು ಕಸುಬಿನ ಕಾಗದವೆಂದು ಬದಿಗಿಡುತ್ತಾರೆ. ವಸ್ತ್ರಗಳನ್ನು ಅಭ್ಯಾಸ ಮಾಡುವವರು ಸಿದ್ಧವಾದ ಉಡುಪು ಕಣ್ಣೆದುರಿಗಿರುವಾಗ ಕಾಗದದ ಗೊಡವೆಯೇಕೆಂದು ಮುಂದೆ ಸಾಗುತ್ತಾರೆ. ಹೀಗೆ ಎರಡು ಮನೆಗಳ ನಡುವೆ ದಿಕ್ಕಿಲ್ಲದೆ ನಿಂತಿರುವ ಈ ಪ್ರಕಾರವನ್ನು ಸಾಹಿತ್ಯದ ಅಭ್ಯಾಸಿಗಳು ಗಮನಿಸುವುದಕ್ಕೆ ತಕ್ಕ ಕಾರಣವಿದೆ. ಅದು ತನ್ನಲ್ಲಿಯೇ ಪೂರ್ಣವಾದ ಕೃತಿಯಲ್ಲ. ಬೇರೊಬ್ಬರ ಕೈಯಿಂದ ಪೂರ್ಣಗೊಳ್ಳಬೇಕಾದ ಕೃತಿ. ನಾಟಕದ ಪಠ್ಯವು ನಟನಿಗಾಗಿ ಕಾಯುವಂತೆ ಉಡುಪಿನ ರೇಖಾಚಿತ್ರವು ಸಿಂಪಿಗನಿಗಾಗಿ ಕಾಯುತ್ತದೆ. ಅದರಲ್ಲಿರುವುದು ಉಡುಪಿನ ಚಿತ್ರವಲ್ಲ, ಉಡುಪನ್ನು ಕುರಿತ ಒಂದು ಆದೇಶ. ಆ ಆದೇಶವನ್ನು ಓದುವವರು ಯಾರು, ಅವರಿಗೆ ಅದರಲ್ಲಿ ಏನು ಕಾಣಬೇಕು ಎಂಬುದನ್ನು ಅವಲಂಬಿಸಿ ರೇಖೆಯ ಸ್ವರೂಪವೇ ಬದಲಾಗುತ್ತದೆ.

ಈ ಬದಲಾವಣೆಯನ್ನು ಇಪ್ಪತ್ತನೆಯ ಶತಮಾನದ ನಡುಗಾಲದ ಎರಡು ನೆಲೆಗಳಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಒಂದು, ಪ್ಯಾರಿಸ್ಸಿನ ಉಡುಪಿನ ಮನೆಗಳು. ಇನ್ನೊಂದು, ಕೊಲ್ಲಾಪುರದಲ್ಲಿ ಹುಟ್ಟಿ ಪುಣೆಯಲ್ಲಿ ಬೆಳೆದ ಚಲನಚಿತ್ರಕಲೆ. ಇವೆರಡೂ ಕೊಲ್ಲಾಪುರದ ಭಾನು ಅಥೈಯಾ (೧೯೨೯–೨೦೨೦) ಅವರ ಕೆಲಸದಲ್ಲಿ ಒಂದಕ್ಕೊಂದು ಎದುರಾದವು.

ಮೊದಲಿಗೆ ಪ್ಯಾರಿಸ್ಸಿನ ಮಾತು. ೧೯೪೭ರ ಫೆಬ್ರುವರಿ ೧೨ರಂದು ಅವೆನ್ಯೂ ಮಾಂತೇನ್‌ನ ೩೦ನೆಯ ಸಂಖ್ಯೆಯ ಕಟ್ಟಡದಲ್ಲಿ ಕ್ರಿಶ್ಚಿಯನ್ ಡಿಯೋರ್ ತನ್ನ ಹೆಸರಿನ ಮೊದಲ ಉಡುಪುಗಳನ್ನು ಪ್ರದರ್ಶಿಸಿದನು. ಅಮೆರಿಕದ ಪತ್ರಿಕೆಯೊಂದರ ಸಂಪಾದಕಿ ಕಾರ್ಮೆಲ್ ಸ್ನೋ ಅದನ್ನು ‘ನ್ಯೂ ಲುಕ್’ ಎಂದು ಕರೆದಳು. ಆ ಹೆಸರೇ ನಿಂತಿತು. ಇಳಿಭುಜ, ಬಿಗಿದ ನಡು, ಹೂವಿನಂತೆ ಅರಳಿ ಕೆಳಗಿಳಿಯುವ ಲಂಗ ಇವು ಅದರ ಲಕ್ಷಣಗಳು. ಒಂದೊಂದು ಲಂಗಕ್ಕೆ ಇಪ್ಪತ್ತು ಗಜದವರೆಗೂ ಬಟ್ಟೆ ಬೇಕಾಗುತ್ತಿತ್ತು. ಯುದ್ಧ ಮುಗಿದು ಎರಡು ವರ್ಷಗಳೂ ತುಂಬಿರದ, ಇಂಗ್ಲೆಂಡಿನಲ್ಲಿ ಬಟ್ಟೆಯ ಪಡಿತರ ಇನ್ನೂ ಜಾರಿಯಲ್ಲಿದ್ದ ಕಾಲದಲ್ಲಿ ಈ ದುಂದು ಹಲವರನ್ನು ಕೆರಳಿಸಿತು. ಡಿಯೋರನಿಗೆ ಬಂಡವಾಳ ಹಾಕಿದ್ದವನು ಹತ್ತಿಬಟ್ಟೆಯ ಗಿರಣಿಗಳ ಒಡೆಯನಾದ ಮಾರ್ಸೆಲ್ ಬುಸಾಕ್ ಎಂಬುದನ್ನು ನೆನೆದರೆ ಲಂಗದ ಸುತ್ತಳತೆ ಬರಿಯ ಸೌಂದರ್ಯದ ಪ್ರಶ್ನೆಯಾಗಿರಲಿಲ್ಲವೆಂಬುದು ತಿಳಿಯುತ್ತದೆ.

ಡಿಯೋರ್ ಉಡುಪಿನ ಲೋಕವನ್ನು ಪ್ರವೇಶಿಸಿದ್ದು ಸೂಜಿಯಿಂದಲ್ಲ, ಪೆನ್ಸಿಲಿನಿಂದ. ೧೯೩೦ರ ದಶಕದಲ್ಲಿ ಟೋಪಿಗಳ ಮತ್ತು ಉಡುಪುಗಳ ಚಿತ್ರಗಳನ್ನು ಬರೆದು ಅವನು ಅಂಗಡಿಯವರಿಗೂ ಪತ್ರಿಕೆಗೂ ಮಾರುತ್ತಿದ್ದನು. ತನ್ನದೇ ಮನೆಯನ್ನು ಸ್ಥಾಪಿಸಿದ ಮೇಲೆಯೂ ಅವನ ಕೆಲಸದ ಮೊದಲ ಘಟ್ಟ ಕಾಗದವೇ ಆಗಿತ್ತು. ಪ್ರತಿ ಋತುವಿಗೆ ಮುನ್ನ ಊರಿನಿಂದ ದೂರವಿದ್ದು ನೂರಾರು ಸಣ್ಣ ಚಿತ್ರಗಳನ್ನು ವೇಗವಾಗಿ ಬರೆಯುವುದು, ಅವುಗಳಲ್ಲಿ ಆರಿಸಿದವನ್ನು ಹೊಲಿಗೆಯ ಕೋಣೆಗಳ ಮುಖ್ಯಸ್ಥೆಯರಿಗೆ ಕೊಡುವುದು ಅವನ ಪದ್ಧತಿ. ಆ ಮುಖ್ಯಸ್ಥೆಯರು ಚಿತ್ರವನ್ನು ಓದಿ ಬೆಲೆಬಾಳುವ ರೇಷ್ಮೆಯನ್ನು ಕತ್ತರಿಸುತ್ತಿರಲಿಲ್ಲ. ಮೊದಲು ಬಿಳಿಯ ಹತ್ತಿಬಟ್ಟೆಯಲ್ಲಿ ಒಂದು ಕರಡನ್ನು ಹೊಲಿಯುತ್ತಿದ್ದರು. ‘ತ್ವಾಲ್’ ಎಂದು ಕರೆಯಲಾಗುವ ಆ ಕರಡನ್ನು ರೂಪದರ್ಶಿಯ ಮೈಮೇಲೆ ತೊಡಿಸಿ, ಗುಂಡುಸೂಜಿ ಚುಚ್ಚಿ, ಗೆರೆಯೆಳೆದು, ಹರಿದು, ಮತ್ತೆ ಹೊಲಿದು ತಿದ್ದಲಾಗುತ್ತಿತ್ತು. ಬಟ್ಟೆಯ ಆಯ್ಕೆ ಅದಾದ ಮೇಲಿನದು.

ಈ ಕ್ರಮವನ್ನು ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ ರೇಖಾಚಿತ್ರವು ಮೂಲ, ತ್ವಾಲ್ ಅದರ ಮೊದಲ ಪ್ರತಿ, ಹೊಲಿಗೆಯ ಮುಖ್ಯಸ್ಥೆ ಅದರ ಲಿಪಿಕಾರಳು. ಆದರೆ ಹೋಲಿಕೆಯನ್ನು ಹೆಚ್ಚು ಎಳೆಯಲಾಗದು. ಲಿಪಿಕಾರನ ಬದಲಾವಣೆಯನ್ನು ಸಂಪಾದಕನು ದೋಷವೆಂದು ಎಣಿಸುತ್ತಾನೆ. ಹೊಲಿಗೆಯ ಮುಖ್ಯಸ್ಥೆಯ ಬದಲಾವಣೆಯಿಲ್ಲದೆ ಉಡುಪು ನಿಲ್ಲುವುದೇ ಇಲ್ಲ. ಚಿತ್ರದಲ್ಲಿ ಒಂದೇ ಬೀಸಿಗೆ ಎಳೆದ ನಡುವಿನ ಗೆರೆಯನ್ನು ಬಟ್ಟೆಯಲ್ಲಿ ಸಾಧಿಸಲು ಎಷ್ಟು ಹೊಲಿಗೆ, ಎಲ್ಲಿ ಮಡಿಕೆ, ಯಾವ ಓರೆಯಲ್ಲಿ ಕತ್ತರಿ ಎಂಬುದು ಕಾಗದದ ಮೇಲೆ ಎಲ್ಲಿಯೂ ಇರುವುದಿಲ್ಲ. ಅದನ್ನು ಬಲ್ಲವರು ಆ ಹೆಂಗಸರು. ಉಡುಪು ಮಾತ್ರ ಚಿತ್ರ ಬರೆದವನ ಹೆಸರಿನಲ್ಲಿ ಲೋಕಕ್ಕೆ ಹೋಗುತ್ತದೆ.

ಕರ್ತೃತ್ವದ ಈ ಪ್ರಶ್ನೆ ಫ್ರಾನ್ಸಿನಲ್ಲಿ ಕಾನೂನಿನ ಪ್ರಶ್ನೆಯೂ ಆಯಿತು. ಪ್ರದರ್ಶನಕ್ಕೆ ಬಂದು ಉಡುಪುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಗೆ ಹೋಗಿ ಬರೆದು ನಕಲುಗಾರರಿಗೆ ಮಾರುವವರು ಅಲ್ಲಿ ಬಹಳವಾಗಿದ್ದರು. ೧೯೫೨ರ ಮಾರ್ಚಿಯಲ್ಲಿ ಬಂದ ಕಾಯಿದೆಯು ಋತುಮಾನದ ಉಡುಪುಗಳ ನಕಲನ್ನು ಶಿಕ್ಷಾರ್ಹವೆಂದು ಸಾರಿತು. ಹೀಗೆ ರೇಖಾಚಿತ್ರವು ಆದೇಶಪತ್ರವಾಗಿದ್ದುದಲ್ಲದೆ ಸ್ವಾಮ್ಯವನ್ನು ಹೇಳುವ ಸಾಕ್ಷಿಯೂ ಆಯಿತು. ಹಾಳೆ ಉಳಿದುದಕ್ಕೆ ಇದೂ ಒಂದು ಕಾರಣ. ನ್ಯಾಯಾಲಯದಲ್ಲಿ ಬೆಲೆಯಿರುವ ಕಾಗದವನ್ನು ಯಾರೂ ಸುಲಭವಾಗಿ ಎಸೆಯುವುದಿಲ್ಲ.

ಪ್ಯಾರಿಸ್ಸಿನ ರೇಖಾಚಿತ್ರದ ಹಿಂದೆ ಒಂದು ಗೃಹೀತವಿದೆ. ಬಟ್ಟೆ ಕಚ್ಚಾಸಾಮಗ್ರಿ; ಅದನ್ನು ಕತ್ತರಿಸಿ ಕೂಡಿಸಿದಾಗಲೇ ಉಡುಪು ಹುಟ್ಟುತ್ತದೆ ಎಂಬುದು ಆ ಗೃಹೀತ. ನಮ್ಮ ಕಡೆಯ ಉಡುಗೆಗಳ ಬಹುಭಾಗಕ್ಕೆ ಇದು ಹೊಂದುವುದಿಲ್ಲ. ಸೀರೆ, ಧೋತರ, ರುಮಾಲು ಮಗ್ಗದಿಂದ ಇಳಿದಾಗಲೇ ಪೂರ್ಣವಾಗಿರುತ್ತವೆ. ಇಳಕಲ್ಲಿನ ಸೀರೆಯ ಅಂದವಿರುವುದು ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಕೊಂಡಿ ಹಾಕಿ ಕೂಡಿಸುವ ನೇಕಾರನ ಜಾಣ್ಮೆಯಲ್ಲಿ. ಗುಳೇದಗುಡ್ಡದ ಖಣದ ತೇರು, ಆನೆಹೆಜ್ಜೆಗಳಿರುವುದು ಮಗ್ಗದ ಕಟ್ಟಿನಲ್ಲಿ. ಪುಣೆಯ ಲಕ್ಷ್ಮೀ ರಸ್ತೆಯ ಅಂಗಡಿಗಳಲ್ಲಿ ‘ಇರಕಲ್’ ಎಂಬ ಹೆಸರಿನಿಂದ ಮಾರಾಟವಾಗುವ ಸೀರೆ ಕರ್ನಾಟಕದಿಂದ ಅಲ್ಲಿಗೆ ಹೋದುದೆಂದು ಕೊಳ್ಳುವವರೆಲ್ಲರಿಗೂ ತಿಳಿದಿರಲಾರದು. ಅದನ್ನು ರೂಪಿಸಿದವರ ಹೆಸರಂತೂ ಇಳಕಲ್ಲಿನಲ್ಲಿಯೂ ದೊರೆಯದು. ಕಲ್ಯಾಣದ ಚಾಳುಕ್ಯ ಅರಸ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ವಸ್ತ್ರಗಳ ಭೋಗಕ್ಕೇ ಮೀಸಲಾದ ಪ್ರಕರಣವಿದೆ. ಶರಣರಲ್ಲಿ ನೇಕಾರನಾದ ದಾಸಿಮಯ್ಯನಿದ್ದಾನೆ, ಸೂಜಿಕಾಯಕದ ರಾಮಿತಂದೆಯಿದ್ದಾನೆ. ಉಡುಪನ್ನು ಕಾಗದದ ಮೇಲೆ ಬರೆಯುವ ಕಾಯಕದವನು ಮಾತ್ರ ನಮ್ಮ ಪರಂಪರೆಯಲ್ಲಿ ಕಾಣುವುದಿಲ್ಲ. ಅಂಥವನ ಅಗತ್ಯವೇ ಬಿದ್ದಿರಲಿಲ್ಲ.

ಪ್ಯಾರಿಸ್ಸಿನಲ್ಲಿಯೂ ಎಲ್ಲರೂ ಕಾಗದದಿಂದ ಹೊರಟವರಲ್ಲವೆಂಬುದನ್ನು ಇಲ್ಲಿ ಸೇರಿಸಬೇಕು. ಶಿಲ್ಪಿಯಾಗಬೇಕೆಂದು ಬಯಸಿದ್ದ ಮದಾಂ ಗ್ರೇ ಚಿತ್ರವನ್ನು ಬರೆಯದೆ ಬಟ್ಟೆಯನ್ನು ನೇರವಾಗಿ ಮೈಮೇಲೆ ಹರಡಿ, ನಿರಿಗೆ ಹಿಡಿದು, ಉಡುಪನ್ನು ಕಟ್ಟುತ್ತಿದ್ದಳು. ೧೯೫೦ರ ದಶಕದ ಕೊನೆಯಲ್ಲಿ ಅವಳು ಭಾರತಕ್ಕೂ ಬಂದಿದ್ದಳು. ನಿರಿಗೆಯನ್ನು ನಂಬಿದವಳು ರೇಖೆಯನ್ನು ಬಿಟ್ಟುದು ಆಕಸ್ಮಿಕವಲ್ಲ. ನಿರಿಗೆ ಉಟ್ಟಾಗ ಹುಟ್ಟುತ್ತದೆ, ಬಿಚ್ಚಿದಾಗ ಇಲ್ಲವಾಗುತ್ತದೆ. ಅದನ್ನು ಮುಂಚಿತವಾಗಿ ಬರೆದಿಡುವುದು ಕಷ್ಟ.

ಹಾಗಾದರೆ ಸೀರೆ ಉಡುವ ನಾಡಿನಲ್ಲಿ ಉಡುಪಿನ ರೇಖಾಚಿತ್ರ ಹುಟ್ಟಿದ್ದು ಎಲ್ಲಿ? ಈ ಪ್ರದೇಶದ ಮಟ್ಟಿಗೆ ಉತ್ತರವನ್ನು ಉಡುಪಿನ ಅಂಗಡಿಯಲ್ಲಿ ಅಲ್ಲ, ರಂಗಭೂಮಿಯಲ್ಲಿ ಮತ್ತು ಅದರ ಬೆನ್ನಿಗೇ ಬಂದ ಚಲನಚಿತ್ರದಲ್ಲಿ ಹುಡುಕಬೇಕು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು ೧೮೮೦ರಲ್ಲಿ ಪುಣೆಯಲ್ಲಿ ‘ಶಾಕುಂತಲ’ವನ್ನು ಆಡಿಸಿದಂದಿನಿಂದ ಮರಾಠಿ ಸಂಗೀತ ನಾಟಕದ ಮೋಹ ಧಾರವಾಡ, ಹುಬ್ಬಳ್ಳಿಗಳವರೆಗೂ ಹಬ್ಬಿತು. ಆ ಪರಂಪರೆಯಲ್ಲಿ ಬೆಳೆದ ಬಾಲಗಂಧರ್ವರ ಸ್ತ್ರೀಪಾತ್ರಗಳನ್ನು ನೋಡಿ ಗೃಹಿಣಿಯರು ಸೀರೆ ಉಡುವ ರೀತಿಯನ್ನು ಕಲಿತರೆಂಬ ಮಾತು ಪ್ರಸಿದ್ಧವಾಗಿದೆ. ಗಂಡಸೊಬ್ಬನು ರಂಗದ ಮೇಲೆ ಉಟ್ಟದ್ದು ಮನೆಯ ಹೆಂಗಸರಿಗೆ ಮಾದರಿಯಾಯಿತು. ಪ್ಯಾರಿಸ್ಸಿನ ಪತ್ರಿಕೆಯ ಚಿತ್ರ ಅಲ್ಲಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ನಟನ ದೇಹ ಮಾಡುತ್ತಿತ್ತೆಂದರೆ ತಪ್ಪಾಗದು.

ಚಲನಚಿತ್ರಕ್ಕೆ ಬಂದಾಗ ಪೆನ್ಸಿಲ್ ಕೈಗೆ ಬಂದಿತು. ಕೊಲ್ಲಾಪುರದ ಬಾಬುರಾವ್ ಪೇಂಟರ್ ಮೊದಲು ನಾಟಕ ಕಂಪನಿಗಳಿಗೆ ಪರದೆಗಳನ್ನು ಬರೆದವರು. ಅನಂತರ ಮಹಾರಾಷ್ಟ್ರ ಫಿಲ್ಮ್ ಕಂಪನಿಯನ್ನು ಕಟ್ಟಿದರು. ಚಿತ್ರೀಕರಣಕ್ಕೆ ಮುನ್ನ ಪಾತ್ರಗಳ ವೇಷ, ನಿಲುವು, ಚಲನೆಗಳನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಅವರ ಅಭ್ಯಾಸವಾಗಿತ್ತು. ಅವರ ಕಂಪನಿಯಲ್ಲಿ ಪಳಗಿದ ವಿ. ಶಾಂತಾರಾಮ, ದಾಮ್ಲೆ, ಫತ್ತೇಲಾಲ ಮೊದಲಾದವರು ೧೯೨೯ರಲ್ಲಿ ಕೊಲ್ಲಾಪುರದಲ್ಲಿ ಪ್ರಭಾತ್ ಫಿಲ್ಮ್ ಕಂಪನಿಯನ್ನು ಸ್ಥಾಪಿಸಿ ೧೯೩೩ರಲ್ಲಿ ಅದನ್ನು ಪುಣೆಗೆ ಸಾಗಿಸಿದರು. ದಾಮ್ಲೆ, ಫತ್ತೇಲಾಲರು ಮೂಲತಃ ಚಿತ್ರಕಾರರೇ. ಆದಕಾರಣ ಪ್ರಭಾತಿನ ಚಿತ್ರಗಳಲ್ಲಿ ಗೋಡೆ, ಕಂಬ, ಪಾತ್ರೆ, ಪಂಚೆಗಳೆಲ್ಲ ಒಂದೇ ಕಣ್ಣಿನಿಂದ ಕಂಡವುಗಳಂತೆ ತೋರುತ್ತವೆ.

ಇಲ್ಲಿಯ ರೇಖೆಗೂ ಪ್ಯಾರಿಸ್ಸಿನ ರೇಖೆಗೂ ಇರುವ ಭೇದ ಮುಖ್ಯವಾದುದು. ಡಿಯೋರನ ಚಿತ್ರದಲ್ಲಿರುವ ಹೆಂಗಸಿಗೆ ಮುಖವಿಲ್ಲ. ಇದ್ದರೂ ಎರಡು ಗೆರೆ. ಅವಳು ಯಾರೂ ಆಗಿರಬಹುದು, ಬೆಲೆ ಕೊಡಬಲ್ಲವಳಾಗಿದ್ದರೆ ಸಾಕು. ಚಲನಚಿತ್ರದ ವೇಷದ ಚಿತ್ರದಲ್ಲಿ ಮೊದಲು ಬರಬೇಕಾದುದು ಪಾತ್ರ: ಅವಳ ವಯಸ್ಸು, ಜಾತಿ, ಬಡತನ, ಆ ದಿನದ ಮನಃಸ್ಥಿತಿ. ೧೯೩೬ರ ‘ಸಂತ ತುಕಾರಾಂ’ ಚಿತ್ರದಲ್ಲಿ ಗೌರಿ ಅಭಿನಯಿಸಿದ ಜಿಜಾಯಿಯ ಸೀರೆಯನ್ನು ನೋಡಬೇಕು. ಒಂಬತ್ತು ಗಜದ ಕಚ್ಚೆಯ ಸೀರೆ ಅಲ್ಲಿ ಅಲಂಕಾರವಲ್ಲ. ಎಮ್ಮೆ ಕಟ್ಟಲು, ಕೈಯೊರೆಸಲು, ಸಿಟ್ಟು ಬಂದಾಗ ಸೆರಗು ಬಿಗಿಯಲು ಬೇಕಾದ ಉಪಕರಣ. ೧೯೩೭ರ ವೆನಿಸ್ ಚಲನಚಿತ್ರೋತ್ಸವದಲ್ಲಿ ಆ ಚಿತ್ರ ಮನ್ನಣೆ ಪಡೆಯಿತು. ದೇಹುವಿನ ಬಡವಿಯ ಸೀರೆಯನ್ನು ಯುರೋಪಿನವರು ಹೇಗೆ ಕಂಡರೋ ತಿಳಿಯದು. ಆದರೆ ಅದರಲ್ಲಿ ಒಂದು ಗಜವೂ ಸುಳ್ಳಾಗಿರಲಿಲ್ಲ.

ಪ್ರಸಂಗವಶಾತ್ ಇನ್ನೊಂದು ಸಂಗತಿ. ಪ್ರಭಾತಿನವರು ೧೯೩೩ರಲ್ಲಿ ‘ಸೈರಂಧ್ರಿ’ಯನ್ನು ಬಣ್ಣದಲ್ಲಿ ತರಲು ಯತ್ನಿಸಿ ಅದರ ಸಂಸ್ಕರಣೆಯನ್ನು ಜರ್ಮನಿಯಲ್ಲಿ ಮಾಡಿಸಿದರು, ಫಲ ತೃಪ್ತಿಕರವಾಗಲಿಲ್ಲ. ಮೊದಲ ಬಣ್ಣದ ಪ್ರಯೋಗಕ್ಕೆ ಆಯ್ದ ಕಥೆ ದ್ರೌಪದಿಯು ದಾಸಿಯ ವೇಷದಲ್ಲಿ ವಿರಾಟನ ಅರಮನೆಯಲ್ಲಿದ್ದ ಕಥೆಯೆಂಬುದು ಗಮನಾರ್ಹ. ಉಡುಪೇ ಕಥೆಯ ಜೀವಾಳವಾಗಿರುವ ಪ್ರಸಂಗವದು. ಅದೇ ದ್ರೌಪದಿಯ ಇನ್ನೊಂದು ಪ್ರಸಂಗದ ಸೀರೆಗಂತೂ ಯಾವ ವಿನ್ಯಾಸಕನೂ ಅಳತೆ ಬರೆಯಲಾರನು.

ಭಾನುಮತಿ ರಾಜೋಪಾಧ್ಯೆ ಈ ಪರಿಸರದಲ್ಲಿ ೧೯೨೯ರ ಏಪ್ರಿಲ್ ೨೮ರಂದು ಕೊಲ್ಲಾಪುರದಲ್ಲಿ ಜನಿಸಿದರು. ಪ್ರಭಾತ್ ಹುಟ್ಟಿದ ವರ್ಷವೂ ಊರೂ ಅವೇ. ತಂದೆ ಅಣ್ಣಾಸಾಹೇಬ ರಾಜೋಪಾಧ್ಯೆ ಸ್ವಂತವಾಗಿ ಕಲಿತ ಚಿತ್ರಕಾರರು. ಬಾಬುರಾವ್ ಪೇಂಟರರ ಚಿತ್ರಗಳಲ್ಲಿ ಕೆಲಸ ಮಾಡಿದವರು. ಮಗಳು ಇನ್ನೂ ಚಿಕ್ಕವಳಿರುವಾಗಲೇ ಅವರು ತೀರಿಕೊಂಡರು. ಮುಂದೆ ಭಾನು ಮುಂಬಯಿಗೆ ಹೋಗಿ ಜೆ.ಜೆ. ಕಲಾಶಾಲೆಯಲ್ಲಿ ಅಭ್ಯಾಸ ಮಾಡಿದರು. ಉಡುಪಿಯ ಬಳಿಯ ಕಟ್ಟಿಂಗೇರಿಯಿಂದ ಹೋದ ಕೆ.ಕೆ. ಹೆಬ್ಬಾರರೂ ಅದೇ ಶಾಲೆಯವರೆಂಬುದು ಕನ್ನಡಿಗರಿಗೆ ತಿಳಿದಿದೆ. ೧೯೫೩ರಲ್ಲಿ ಪ್ರಗತಿಶೀಲ ಕಲಾವಿದರ ಗುಂಪಿನ ಪ್ರದರ್ಶನದಲ್ಲಿ ಭಾನು ಅವರ ಚಿತ್ರಗಳೂ ಇದ್ದವು; ಆ ಗುಂಪಿನ ಜೊತೆ ಪ್ರದರ್ಶಿಸಿದ ಮಹಿಳೆ ಅವರೊಬ್ಬರೇ.

ಹೊಟ್ಟೆಪಾಡಿಗೆ ಅವರು ಹಿಡಿದದ್ದು ಪತ್ರಿಕೆಗಳ ಫ್ಯಾಷನ್ ಪುಟ. ‘ಫ್ಯಾಷನ್ ಅಂಡ್ ಬ್ಯೂಟಿ’ಗೂ ‘ಈವ್ಸ್ ವೀಕ್ಲಿ’ಗೂ ಅವರು ಉಡುಪಿನ ಚಿತ್ರಗಳನ್ನು ಬರೆದರು. ನೀಳವಾದ ಕತ್ತು, ಮುರಿಯುವಂಥ ನಡು, ನೆಲ ಮುಟ್ಟದ ಪಾದ: ಅಂಥ ಪುಟಗಳಲ್ಲಿ ಹೆಣ್ಣಿನ ಆಕೃತಿಯನ್ನು ಬರೆಯುವ ಈ ರೀತಿಗೆ ಆಗ ಲೋಕದಲ್ಲೆಲ್ಲ ಪ್ಯಾರಿಸ್ಸೇ ಮೇಲ್ಪಂಕ್ತಿ. ಪತ್ರಿಕೆಯ ಸಂಪಾದಕಿ ಉಡುಪಿನ ಅಂಗಡಿಯೊಂದನ್ನು ತೆರೆದು, ಬರೆದದ್ದನ್ನು ಹೊಲಿಸಿಯೂ ನೋಡುವಂತೆ ಅವರಿಗೆ ಹೇಳಿದರು. ಅಂಗಡಿಗೆ ಬಂದ ಕಾಮಿನಿ ಕೌಶಲ್, ನರ್ಗೀಸ್ ಮೊದಲಾದ ನಟಿಯರ ಮೂಲಕ ಭಾನು ಚಲನಚಿತ್ರಕ್ಕೆ ಬಂದರು. ಪತ್ರಿಕೆಯ ಪುಟದಿಂದ ಕಲಿತ ಕತ್ತರಿಯ ರೇಖೆ ಮತ್ತು ತಂದೆಯ ಕಾಲದಿಂದ ಬಂದ ಪಾತ್ರದ ರೇಖೆ ಒಂದೇ ಕೈಯಲ್ಲಿ ಸೇರಿದ ಬಗೆ ಇದು.

೧೯೫೫ರ ‘ಶ್ರೀ ೪೨೦’ ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ಎರಡು ಹೆಣ್ಣುಗಳು: ಬಡಮಕ್ಕಳಿಗೆ ಪಾಠ ಹೇಳುವ ವಿದ್ಯಾ, ಶ್ರೀಮಂತರ ಕೂಟಗಳಲ್ಲಿ ಮೆರೆಯುವ ಮಾಯಾ. ವಿದ್ಯೆಗೆ ಸಾದಾ ಸೀರೆ. ಮಾಯೆಗೆ ಮೈಗೆ ಅಂಟಿದಂತೆ ಕತ್ತರಿಸಿ ಹೊಲಿದ ಪಾಶ್ಚಾತ್ಯ ಗೌನು. ನಾದಿರಾ ತೊಟ್ಟ ಆ ಗೌನಿನ ವಿನ್ಯಾಸ ಭಾನು ಅವರದು. ಹೆಸರುಗಳು ಬಯಲಾಗಿಯೇ ಸಾರುವ ಅರ್ಥವನ್ನು ಉಡುಪು ಇನ್ನೊಮ್ಮೆ ಸಾರುತ್ತದೆ. ಉಟ್ಟ ಬಟ್ಟೆ ಸತ್ಯ, ಹೊಲಿದ ಬಟ್ಟೆ ಮೋಸ ಎಂಬ ಈ ಸಮೀಕರಣವನ್ನು ಅಂದಿನ ಹಿಂದಿ ಚಿತ್ರಗಳು ಮತ್ತೆಮತ್ತೆ ಬಳಸಿದವು. ಅದು ಸರಳವಾದ ನೀತಿಯೇ ಸರಿ. ಆದರೆ ಗೌನನ್ನು ಮೋಸವೆಂದು ತೋರಿಸಬೇಕಾದರೂ ಅದನ್ನು ಚೆನ್ನಾಗಿ ಕತ್ತರಿಸಿರಲೇಬೇಕು. ಕೆಟ್ಟ ಹೊಲಿಗೆಯ ಮಾಯೆಗೆ ಯಾರೂ ಮರುಳಾಗುವುದಿಲ್ಲ. ಆ ಚಿತ್ರ ಕಪ್ಪುಬಿಳುಪಿನದು ಎಂಬುದನ್ನೂ ಮರೆಯಬಾರದು. ಅಂಥ ಚಿತ್ರಕ್ಕೆ ವೇಷ ಬರೆಯುವವರು ಬಣ್ಣವನ್ನು ಬಣ್ಣವಾಗಿ ನೆಚ್ಚುವಂತಿಲ್ಲ. ಒಂದೇ ಗಾಢತೆಯ ಕೆಂಪೂ ಹಸಿರೂ ತೆರೆಯ ಮೇಲೆ ಒಂದೇ ಬೂದಿಯಾಗುತ್ತವೆ. ಹೊಳೆಯುವ ಬಟ್ಟೆಯನ್ನೂ ಹೊಳೆಯದ ಬಟ್ಟೆಯನ್ನೂ ಎದುರುಬದುರಾಗಿ ನಿಲ್ಲಿಸುವುದೇ ಅಲ್ಲಿಯ ವರ್ಣವಿನ್ಯಾಸ.

೧೯೬೬ರ ‘ಆಮ್ರಪಾಲಿ’ಗೆ ಅವರು ಅಜಂತೆಯ ಭಿತ್ತಿಚಿತ್ರಗಳನ್ನು ಆಧಾರವಾಗಿಟ್ಟುಕೊಂಡರು. ವೈಜಯಂತಿಮಾಲಾ ಅವರ ಆ ವೇಷಗಳು ಇಂದಿಗೂ ಶಾಲೆಗಳ ವೇಷಸ್ಪರ್ಧೆಗಳಲ್ಲಿ ಪುರಾಣದ ಸ್ತ್ರೀಯರಿಗೆ ಒದಗಿಬರುತ್ತಿವೆ. ಚರಿತ್ರೆಯ ದೃಷ್ಟಿಯಿಂದ ಇದನ್ನು ಒಪ್ಪುವುದು ಕಷ್ಟ. ಅಜಾತಶತ್ರುವಿನ ಕಾಲಕ್ಕೂ ಅಜಂತೆಯ ಪ್ರಸಿದ್ಧ ಚಿತ್ರಗಳ ಕಾಲಕ್ಕೂ ಸುಮಾರು ಒಂದು ಸಾವಿರ ವರ್ಷಗಳ ಅಂತರವಿದೆ. ಆದರೆ ಆಮ್ರಪಾಲಿಯ ಕಾಲದ ಉಡುಪನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಬಣ್ಣದ ಸಾಮಗ್ರಿ ನಮಗೆ ಉಳಿದಿಲ್ಲವಾದ್ದರಿಂದ, ಉಳಿದುದರಲ್ಲಿ ಉತ್ತಮವಾದುದನ್ನು ಅವರು ಆರಿಸಿಕೊಂಡರೆಂದು ಸಮಾಧಾನ ಹೇಳಬಹುದು. ನಮ್ಮ ಐತಿಹಾಸಿಕ ಕಾದಂಬರಿಕಾರರೂ ಇಂಥ ಸಾಲವನ್ನು ಮಾಡಿದ್ದಾರೆ.

ಕತ್ತರಿಯ ರೇಖೆ ಸೀರೆಯನ್ನೂ ಮುಟ್ಟಿದ್ದು ೧೯೬೮ರ ‘ಬ್ರಹ್ಮಚಾರಿ’ಯಲ್ಲಿ. ಅದರ ಒಂದು ನೃತ್ಯಗೀತೆಗಾಗಿ ಭಾನು ಅವರು ಮುಮ್ತಾಜ್‌ಗೆ ನಿರಿಗೆಗಳನ್ನು ಮೊದಲೇ ಹೊಲಿದ, ಜಿಪ್ ಹಾಕಿದ ಕಿತ್ತಳೆ ಬಣ್ಣದ ಸೀರೆಯನ್ನು ರೂಪಿಸಿದರು. ಕುಣಿತಕ್ಕೆ ಅಡ್ಡಿಯಾಗದಿರಲಿ ಎಂಬುದು ಉದ್ದೇಶ. ಉಟ್ಟಾಗ ಹುಟ್ಟಿ ಬಿಚ್ಚಿದಾಗ ಅಳಿಯಬೇಕಾದ ನಿರಿಗೆ ಇಲ್ಲಿ ಶಾಶ್ವತವಾಯಿತು. ಅಂದರೆ ಸೀರೆಯು ಕಾಗದದ ಮೇಲೆ ಬರೆಯಬಹುದಾದ ಉಡುಪಾಯಿತು. ಅದು ‘ಮುಮ್ತಾಜ್ ಸೀರೆ’ ಎಂದು ನಟಿಯ ಹೆಸರಿನಿಂದಲೇ ಪ್ರಸಿದ್ಧವಾದುದು ಕರ್ತೃತ್ವದ ದೃಷ್ಟಿಯಿಂದ ಕುತೂಹಲಕಾರಿ. ೧೯೬೫ರ ‘ವಕ್ತ್’ ಚಿತ್ರದಲ್ಲಿ ಸಾಧನಾ ತೊಟ್ಟ ಬಿಗಿಯಾದ ಚೂಡಿದಾರ ಕುರ್ತಾದ ಕಥೆಯೂ ಇದೇ. ಪ್ಯಾರಿಸ್ಸಿನಲ್ಲಿ ಚಿತ್ರ ಬರೆದವನ ಹೆಸರು ಉಳಿದು ಹೊಲಿದವರ ಹೆಸರು ಮರೆಯಾಯಿತು. ಮುಂಬಯಿಯಲ್ಲಿ ಇಬ್ಬರ ಹೆಸರೂ ಮರೆಯಾಗಿ ತೊಟ್ಟವಳ ಹೆಸರು ಉಳಿಯಿತು. ಊರೂರಿನ ದರ್ಜಿಗಳು ಸಿನಿಮಾ ನೋಡಿ ಬಂದು ಹೊಲಿದುಕೊಟ್ಟರು. ಅದನ್ನು ನಕಲೆಂದು ಕರೆದು ತಡೆಯುವ ಕಾಯಿದೆಯ ಯೋಚನೆ ಇಲ್ಲಿ ಯಾರಿಗೂ ಬಂದಂತಿಲ್ಲ.

ಈ ಎಲ್ಲ ಅನುಭವವನ್ನು ಒರೆಗೆ ಹಚ್ಚಿದ ಚಿತ್ರ ರಿಚರ್ಡ್ ಅಟೆನ್‌ಬರೋ ಅವರ ‘ಗಾಂಧಿ’ (೧೯೮೨). ಅದರ ಭಾರತೀಯ ಉಡುಪುಗಳ ಹೊಣೆ ಭಾನು ಅವರದಾಗಿತ್ತು. ಬ್ರಿಟಿಷರ ಉಡುಪುಗಳನ್ನು ಜಾನ್ ಮೊಲ್ಲೊ ನೋಡಿಕೊಂಡರು. ಚಿತ್ರದ ಕಥೆ ೧೮೯೩ರ ದಕ್ಷಿಣ ಆಫ್ರಿಕದಿಂದ ೧೯೪೮ರ ಜನವರಿ ೩೦ರವರೆಗಿನದು. ಗಾಂಧೀಜಿಯ ಬದುಕಿನಲ್ಲಿ ಉಡುಪು ಹೊರಗಿನ ವಿವರವಲ್ಲ, ವಿಚಾರದ ಭಾಗ. ಬ್ಯಾರಿಸ್ಟರನ ಸೂಟು, ೧೯೧೫ರಲ್ಲಿ ಮುಂಬಯಿಗೆ ಇಳಿದಾಗಿನ ಕಾಠಿಯಾವಾಡದ ಮುಂಡಾಸು ಮತ್ತು ಅಂಗಿ, ೧೯೨೧ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ಸ್ವೀಕರಿಸಿದ ತುಂಡುಪಂಚೆ ಹೀಗೆ ಪ್ರತಿಯೊಂದು ಬದಲಾವಣೆಗೂ ದಿನಾಂಕವಿದೆ, ಕಾರಣವಿದೆ. ವಿನ್ಯಾಸಕಿಗೆ ಇಲ್ಲಿ ಸ್ವಾತಂತ್ರ್ಯವೇ ಇಲ್ಲವೆಂದು ತೋರುತ್ತದೆ. ತುಂಡುಪಂಚೆಯಲ್ಲಿ ಕತ್ತರಿಗೆ ಕೆಲಸವಿಲ್ಲ, ಬಣ್ಣವಿಲ್ಲ, ಅಂಚಿನ 'ಆಡಂಬರವಿಲ್ಲ. ವಿನ್ಯಾಸವನ್ನು ನಿರಾಕರಿಸುವುದೇ ಆ ಉಡುಪಿನ ವಿನ್ಯಾಸ. ಇಂಥದನ್ನು ಬರೆಯುವುದು ಹೇಗೆ?

ಬರೆಯಬೇಕಾದುದು ಆಕಾರವನ್ನಲ್ಲ, ಸ್ಥಿತಿಯನ್ನು. ಪಂಚೆ ಮೊಣಕಾಲಿನಿಂದ ಎಷ್ಟು ಮೇಲೆ, ಹೊದೆದ ವಸ್ತ್ರ ಯಾವ ಭುಜದಿಂದ ಜಾರುತ್ತದೆ, ಎಷ್ಟು ಒಗೆತಗಳನ್ನು ಕಂಡ ಖಾದಿ, ಚಳಿಗಾಲದ ಶಾಲಿನ ಒರಟುತನ ಎಷ್ಟು, ಇಂಥವೇ ಅಲ್ಲಿಯ ವಿವರಗಳು. ಹೊಸ ಖಾದಿ ಗಂಜಿ ಹಾಕಿದಂತೆ ಬಿರುಸಾಗಿ ನಿಲ್ಲುತ್ತದೆ. ಅದನ್ನು ಹಾಗೆಯೇ ತೊಡಿಸಿದರೆ ಸತ್ಯಾಗ್ರಹಿಯು ಅಂಗಡಿಯಿಂದ ಈಗತಾನೇ ಬಂದವನಂತೆ ಕಾಣುತ್ತಾನೆ. ಆದ್ದರಿಂದ ಬಟ್ಟೆಯನ್ನು ಒಗೆದು, ಹಿಂಡಿ, ಮಾಸಿಸಿ ಹಳತುಮಾಡುವುದು ಇಂಥ ಚಿತ್ರಗಳಲ್ಲಿ ಹೊಲಿಗೆಗಿಂತ ದೊಡ್ಡ ಕೆಲಸ. ಅಂತ್ಯಯಾತ್ರೆಯ ದೃಶ್ಯಕ್ಕೆ ದಿಲ್ಲಿಯಲ್ಲಿ ಸುಮಾರು ೩ ಲಕ್ಷ ಜನ ಸೇರಿದ್ದರೆಂದು ಹೇಳಲಾಗುತ್ತದೆ. ಅಷ್ಟು ಜನರ ನಡುವೆ ಒಬ್ಬನ ಅಂಗಿಯ ಬಣ್ಣ ಕೂಗಿ ಹೇಳಿದರೂ ಕಾಲ ಕೆಡುತ್ತದೆ.

ಆ ಚಿತ್ರದ ಒಂದು ಭಾಗ ಪುಣೆಯದು, ಪುಣೆಯಲ್ಲಿಯೇ ಚಿತ್ರೀಕರಣಗೊಂಡದ್ದು. ೧೯೪೨ರ ಆಗಸ್ಟಿನಿಂದ ೧೯೪೪ರ ಮೇವರೆಗೆ ಗಾಂಧೀಜಿ, ಕಸ್ತೂರಬಾ ಮತ್ತು ಸಂಗಡಿಗರನ್ನು ಇಟ್ಟಿದ್ದ ಆಗಾ ಖಾನ್ ಅರಮನೆ ಅದರ ನೆಲೆ. ಮಹಾದೇವ ದೇಸಾಯಿ ಅಲ್ಲಿ ಬಂದ ಆರೇ ದಿನಗಳಲ್ಲಿ, ೧೯೪೨ರ ಆಗಸ್ಟ್ ೧೫ರಂದು ತೀರಿಕೊಂಡರು; ಕಸ್ತೂರಬಾ ೧೯೪೪ರ ಫೆಬ್ರುವರಿ ೨೨ರಂದು. ಪುಣೆಗೂ ಖಾದಿಗೂ ಅದಕ್ಕೆ ಮುಂಚಿನ ನಂಟೂ ಇದೆ. ೧೯೩೦ರ ಸೆರೆವಾಸದಲ್ಲಿ ಗಾಂಧೀಜಿ ಬಳಕೆಗೆ ತಂದ, ಪೆಟ್ಟಿಗೆಯಂತೆ ಮಡಿಸಿ ಒಯ್ಯಬಹುದಾದ ಚರಕಕ್ಕೆ ಆ ಸೆರೆಮನೆಯ ಊರಿನಿಂದ ‘ಯೆರವಡಾ ಚಕ್ರ’ವೆಂದೇ ಹೆಸರಾಯಿತು. ಕಸ್ತೂರಬಾ ಅವರ ದೇಹಕ್ಕೆ ಕೊನೆಯಲ್ಲಿ ಉಡಿಸಿದ್ದು ಗಾಂಧೀಜಿ ನೂತ ನೂಲಿನ ಸೀರೆ. ಆ ಸೀರೆಯ ನೂಲು, ನೂತವನು, ಉಟ್ಟವಳು, ಉಟ್ಟ ದಿನ ಎಲ್ಲವೂ ಚರಿತ್ರೆಗೆ ತಿಳಿದಿವೆ. ಡಿಯೋರನ ಯಾವ ಉಡುಪಿನ ಬಗ್ಗೆಯೂ ಅದರ ನೂಲನ್ನು ನೂತವರು ಯಾರೆಂದು ಹೇಳಲಾಗದು.

ಕಸ್ತೂರಬಾ ಪಾತ್ರವನ್ನು ನಿರ್ವಹಿಸಿದ ರೋಹಿಣಿ ಹಟ್ಟಂಗಡಿ ಪುಣೆಯಲ್ಲಿ ಹುಟ್ಟಿದವರು. ಚಿತ್ರದುದ್ದಕ್ಕೂ ಆ ಪಾತ್ರ ಯೌವನದಿಂದ ಮುಪ್ಪಿಗೆ ಸಾಗುತ್ತದೆ. ಸಾಗುವುದನ್ನು ತೋರಿಸುವ ಸಾಧನ ಬಹುಮಟ್ಟಿಗೆ ಸೀರೆಯೇ. ಅಂಚು ಕಿರಿದಾಗುತ್ತದೆ, ಬಟ್ಟೆ ಒರಟಾಗುತ್ತದೆ, ಬಣ್ಣ ಬಿಳಿಯತ್ತ ಸರಿಯುತ್ತದೆ, ತಲೆಯ ಮೇಲಿನ ಸೆರಗು ಮಾತ್ರ ಕದಲುವುದಿಲ್ಲ. ಪ್ರಭಾತಿನ ಜಿಜಾಯಿಯ ಸೀರೆಯನ್ನು ಬರೆದ ಕಣ್ಣು ಇಲ್ಲಿ ಮತ್ತೆ ಕಾಣಿಸುತ್ತದೆ ಎನ್ನಬೇಕು. ಪತ್ರಿಕೆಯ ಪುಟದ ನೀಳಕತ್ತಿನ ಹೆಣ್ಣು ಈ ಹೊತ್ತಿಗೆ ಪೂರ್ತಿಯಾಗಿ ಮರೆಯಾಗಿದ್ದಾಳೆ. ೧೯೮೩ರ ಏಪ್ರಿಲಿನಲ್ಲಿ ಭಾನು ಅವರಿಗೂ ಮೊಲ್ಲೊ ಅವರಿಗೂ ಕೂಡಿ ಆಸ್ಕರ್ ಪ್ರಶಸ್ತಿ ಬಂದಿತು. ಅದನ್ನು ಪಡೆದ ಮೊದಲ ಭಾರತೀಯರು ಅವರು. ವಿನ್ಯಾಸವೇ ಇಲ್ಲವೆಂಬಂತೆ ಕಾಣುವ ಉಡುಪುಗಳಿಗೆ ವಿನ್ಯಾಸದ ಪ್ರಶಸ್ತಿ ದೊರೆತದ್ದು ಆಗ ಕೆಲವರಿಗೆ ವಿಚಿತ್ರವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಮುಂದೆ ‘ಲೇಕಿನ್’ ಮತ್ತು ‘ಲಗಾನ್’ ಚಿತ್ರಗಳಿಗಾಗಿ ಅವರು ರಾಷ್ಟ್ರಪ್ರಶಸ್ತಿಯನ್ನೂ ಪಡೆದರು.

ಇನ್ನು ಹಾಳೆಗಳ ಗತಿ. ಪ್ಯಾರಿಸ್ಸಿನ ಮನೆಗಳು ತಮ್ಮ ರೇಖಾಚಿತ್ರಗಳನ್ನು ಸಂಖ್ಯೆ ಹಾಕಿ ಕಾಪಾಡಿದವು. ಡಿಯೋರನ ಮನೆಗೆ ಇಂದು ತನ್ನದೇ ಆದ ದಾಖಲೆ ಭಂಡಾರವಿದೆ. ನಮ್ಮಲ್ಲಿ ವೇಷದ ಚಿತ್ರವೆಂಬುದು ಚಿತ್ರೀಕರಣ ಮುಗಿದ ದಿನ ರದ್ದಿಯಾಗುವ ಕಾಗದ. ವೇಷಗಳೇ ಉಳಿಯುವುದಿಲ್ಲ, ಅವು ಬಾಡಿಗೆಯ ಅಂಗಡಿ ಸೇರಿ ಇನ್ನೊಂದು ಚಿತ್ರದ ಇನ್ನೊಂದು ಪಾತ್ರದ ಮೈಮೇಲೆ ಹರಿಯುತ್ತವೆ. ಚಿತ್ರಗಳನ್ನಾದರೂ ಉಳಿಸಬೇಕೆಂದು ೧೯೬೪ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪಿತವಾಯಿತು. ೨೦೨೨ರಲ್ಲಿ ಅದು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ೨೦೦೩ರ ಜನವರಿಯಲ್ಲಿ, ಹಿಂದೆ ಪ್ರಭಾತ್ ಇದ್ದ ಆವರಣದಲ್ಲಿ, ಬೆಂಕಿ ಬಿದ್ದು ಅಲ್ಲಿಟ್ಟಿದ್ದ ಹಳೆಯ ನೈಟ್ರೇಟ್ ಸುರುಳಿಗಳು ಸುಟ್ಟುಹೋದವು. ತೆರೆಯ ಮೇಲಿನ ಉಡುಪೂ ಶಾಶ್ವತವಲ್ಲವೆಂದಾಯಿತು.

ಭಾನು ಅವರು ಈ ವಿಷಯದಲ್ಲಿ ಎಚ್ಚರವಾಗಿದ್ದವರು. ೨೦೧೦ರಲ್ಲಿ ತಮ್ಮ ಕೆಲಸವನ್ನು ಕುರಿತ ಇಂಗ್ಲಿಷ್ ಗ್ರಂಥವನ್ನು ಹೊರತಂದರು. ೨೦೧೨ರಲ್ಲಿ, ತಮ್ಮ ನಂತರ ಆಸ್ಕರ್ ಪ್ರಶಸ್ತಿಯನ್ನು ಇಲ್ಲಿ ಸುರಕ್ಷಿತವಾಗಿ ಕಾಪಾಡುವವರಿರುವರೆಂಬ ಭರವಸೆ ಸಾಲದೆ, ಅದನ್ನು ಲಾಸ್ ಏಂಜಲೀಸ್‌ನ ಅಕಾಡೆಮಿಗೇ ಹಿಂದಿರುಗಿಸಿದರು. ೨೦೨೦ರ ಅಕ್ಟೋಬರ್ ೧೫ರಂದು ಅವರು ಮುಂಬಯಿಯಲ್ಲಿ ನಿಧನರಾದರು. ಅದೇ ವರ್ಷದ ಡಿಸೆಂಬರಿನಲ್ಲಿ ಅವರ ಆರಂಭಕಾಲದ ಚಿತ್ರಗಳು ಹರಾಜಿಗೆ ಬಂದವು. ಹರಾಜಿನಿಂದ ಬೆಲೆ ತಿಳಿಯುತ್ತದೆ, ಕೃತಿಗಳು ಮಾತ್ರ ಬಿಡಿಬಿಡಿಯಾಗಿ ಬೇರೆಬೇರೆ ಮನೆಗಳನ್ನು ಸೇರುತ್ತವೆ. ತಾಳೆಗರಿಯ ಕಟ್ಟು ಪಾಲಾಗಿ ಒಂದೊಂದು ಗರಿ ಒಂದೊಂದು ಮಠ ಸೇರಿದಾಗ ಸಂಪಾದಕನ ಪಾಡೇನೆಂಬುದನ್ನು ಕನ್ನಡ ವಿಭಾಗಗಳಿಗೆ ವಿವರಿಸಬೇಕಾಗಿಲ್ಲ. ವೇಷದ ರೇಖಾಚಿತ್ರವೊಂದನ್ನು ಓದಲು ಹಾಳೆಯೊಂದೇ ಸಾಲದು: ಅದನ್ನು ಹೊಲಿದ ಉಡುಪು ಬೇಕು, ಅದು ಕಾಣುವ ಚಿತ್ರದ ಚೌಕಟ್ಟು ಬೇಕು, ಅಂಚಿನಲ್ಲಿ ದರ್ಜಿಗಾಗಿ ಬರೆದ ಎರಡು ಸಾಲು ಬೇಕು. ‘ಗಾಂಧಿ’ಯ ಮಟ್ಟಿಗೆ ಚೌಕಟ್ಟು ಉಳಿದಿದೆ. ಆಗಾ ಖಾನ್ ಅರಮನೆಯೂ, ಅದರ ಅಂಗಳದ ಎರಡು ಸಮಾಧಿಗಳೂ ಪುಣೆಯಲ್ಲಿ ಇವೆ.